ಕುತ್ತಿಗೆಯ ಕಪ್ಪು ಉಜ್ಜಿದರೆ ಹೋಗುದಿಲ್ಲ

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ ಒಬ್ಬರು ಉಮ್ಮ ಗೇಟಿನ ಹತ್ತಿರ ನಿಂತಿದ್ದರು. ಜತೆಯಲ್ಲಿ ಐದನೇ ತರಗತಿಯ ಮಗ. "ಉಸ್ತಾದರೇ, ಇವನ ಕುತ್ತಿಗೆ ನೋಡಿ. ಸಾಬೂನು ಹಾಕಿ ಉಜ್ಜಿ ಉಜ್ಜಿ ನನಗೆ ಸಾಕಾಯ್ತು. ಕಪ್ಪು ಹೋಗುದೇ ಇಲ್ಲ. ವುಝೂ ಮಾಡುವಾಗ ಸರಿಯಾಗಿ ತೊಳಿಲಿಕ್ಕೆ ನೀವಾದರೂ ಸ್ವಲ್ಪ ಹೇಳಿ" ಎಂದರು.

ನಾವು ಹೇಳಿದೆವು. ಮರುದಿನ ತರಗತಿಯಲ್ಲಿ, ಎಲ್ಲರ ಎದುರಿಗೆ, ಶುಚಿತ್ವದ ಪಾಠ ಮಾಡುವಾಗ ಅವನನ್ನೇ ಉದಾಹರಣೆ ಮಾಡಿದೆವು. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿದ. ಒಂದು ವಾರದ ನಂತರ ಅವನು ಮದ್ರಸಕ್ಕೆ ಬರುವುದು ಕಡಿಮೆ ಆಯ್ತು. ಹೊಟ್ಟೆನೋವು, ತಲೆನೋವು ಎಂದು ದಿನಕ್ಕೊಂದು ಕಾರಣ.

ಎರಡು ತಿಂಗಳ ಮೇಲೆ ಅದೇ ಉಮ್ಮ ಪುನಃ ಬಂದರು. ಜ್ವರಕ್ಕೆಂದು ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಡಾಕ್ಟರರು ಜ್ವರಕ್ಕಿಂತ ಮೊದಲು ನೋಡಿದ್ದು ಕುತ್ತಿಗೆಯನ್ನಂತೆ. "ಇದು ಕೊಳೆ ಅಲ್ಲಮ್ಮ, ಎಷ್ಟು ಉಜ್ಜಿದರೂ ಹೋಗುದಿಲ್ಲ. ಒಳಗೆ ಇನ್ಸುಲಿನ್ ಹೆಚ್ಚಾಗಿದೆ ಎಂಬುದರ ಗುರುತು ಇದು" ಎಂದರಂತೆ. ತೂಕ ನೋಡಿದರೆ 58 ಕಿಲೋ, ಎತ್ತರ 142 ಸೆಂಟಿಮೀಟರ್. ಹನ್ನೊಂದು ವರ್ಷದ ಹುಡುಗ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿತ್ತು. ಸ್ಕ್ಯಾನಿಂಗ್‌ನಲ್ಲಿ ಲಿವರಿಗೆ ಕೊಬ್ಬು ಕೂತಿತ್ತು.

ಆ ದಿನ ನಾವು ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆವು. ಆದರೆ ಕ್ಷಮೆ ಕೇಳಿದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ ಎಂದು ಅನ್ನಿಸಿತು. ನಮ್ಮ ತರಗತಿಗಳಲ್ಲಿ ಅವನಂಥವರು ಒಬ್ಬರಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಒಂದು ತರಗತಿಗೆ ಒಬ್ಬ ದಪ್ಪ ಹುಡುಗ ಇದ್ದರೆ ಹೆಚ್ಚು. ಈಗ ಬೆಂಚಿಗೊಬ್ಬ ಕಾಣುತ್ತಾನೆ. ಇದು ಬರೇ ನಮ್ಮ ಕಣ್ಣಿನ ಲೆಕ್ಕ ಅಲ್ಲ.

ಲೆಕ್ಕ ಏನು ಹೇಳುತ್ತದೆ?

2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದ ಪ್ರಕಾರ, 2022ರಲ್ಲಿ ನಮ್ಮ ದೇಶದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 1 ಕೋಟಿ 25 ಲಕ್ಷ ಮಕ್ಕಳಿಗೆ ಬೊಜ್ಜು ಇತ್ತು. 1990ರಲ್ಲಿ ಈ ಸಂಖ್ಯೆ ಸುಮಾರು 4 ಲಕ್ಷ ಮಾತ್ರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇ. 2.1 ಇದ್ದದ್ದು 2019-21ರಲ್ಲಿ ಶೇ. 3.4 ಆಗಿದೆ. ಅದೇ ಸಮೀಕ್ಷೆಯಲ್ಲಿ ಶೇ. 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದೆ ಕುಗ್ಗಿದವರು. ಅಂದರೆ ಒಂದೇ ದೇಶದಲ್ಲಿ, ಕೆಲವೊಮ್ಮೆ ಒಂದೇ ಗಲ್ಲಿಯಲ್ಲಿ, ಒಂದು ಮನೆಯ ಮಗು ಸಾಕಷ್ಟು ಸಿಗದೆ ಬಳಲುತ್ತದೆ, ಪಕ್ಕದ ಮನೆಯ ಮಗು ಬೇಡದ್ದು ಸಿಕ್ಕಿ ಬಳಲುತ್ತದೆ. 2025ರಲ್ಲಿ ಯುನಿಸೆಫ್ ಹೇಳಿದ ಪ್ರಕಾರ ಲೋಕದಲ್ಲಿ ಶಾಲೆಗೆ ಹೋಗುವ ಪ್ರಾಯದ ಮಕ್ಕಳಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಮೊದಲ ಸಲ ಹೆಚ್ಚಾಗಿದ್ದಾರೆ.

ಇದು ದೊಡ್ಡ ಶಹರದ ಶ್ರೀಮಂತರ ಕಾಯಿಲೆ ಎಂದು ನಾವು ತಿಳಿದುಕೊಂಡಿದ್ದೆವು. ಹಾಗೇನೂ ಇಲ್ಲ. ಆಟೋ ಓಡಿಸುವವರ ಮನೆಯಲ್ಲಿಯೂ ಉಂಟು, ಮೀನಿನ ವ್ಯಾಪಾರದವರ ಮನೆಯಲ್ಲಿಯೂ ಉಂಟು. ಹಣ್ಣು ಕಿಲೋಗೆ ನೂರೈವತ್ತು, ಚಿಪ್ಸ್ ಪ್ಯಾಕೆಟಿಗೆ ಐದು ರೂಪಾಯಿ. ಬಡವರ ಮಗುವಿನ ಕೈಗೆ ಯಾವುದು ಬೇಗ ಸಿಗುತ್ತದೆ ಎಂದು ನಾವೇ ಯೋಚನೆ ಮಾಡಬೇಕು.

ಪುಷ್ಟಿ ಎಂಬ ತಪ್ಪು ಕಲ್ಪನೆ

ನಮ್ಮಲ್ಲಿ ಮಗು ದುಂಡಗೆ ಇದ್ದರೆ ಅದು ಉಮ್ಮನಿಗೆ ಸರ್ಟಿಫಿಕೇಟು. ಸಣಕಲು ಇದ್ದರೆ ಮದುವೆ ಮನೆಯಲ್ಲಿ ಹತ್ತು ಮಂದಿ ಕೇಳುತ್ತಾರೆ, "ಎಂತ, ಹೊಟ್ಟೆಗೆ ಏನೂ ಹಾಕುದಿಲ್ವಾ?" ಎಂದು. ಈ ಮಾತಿಗೆ ಹೆದರಿಯೇ ಎಷ್ಟೋ ಉಮ್ಮಂದಿರು ಮಗು ಸಾಕು ಎಂದು ಬಾಯಿ ತಿರುಗಿಸಿದರೂ ಮೊಬೈಲ್ ತೋರಿಸಿ ಇನ್ನೆರಡು ತುತ್ತು ತುರುಕುತ್ತಾರೆ. ಹೊಟ್ಟೆ ತುಂಬಿತು ಎಂದು ಮಗುವಿಗೆ ಹುಟ್ಟಿನಿಂದಲೇ ಗೊತ್ತಾಗುತ್ತದೆ. ಆ ತಿಳಿವಳಿಕೆಯನ್ನು ನಾವೇ ಕೆಡಿಸುತ್ತೇವೆ.

ಹಸಿವಿನ ಕಾಲ ಕಂಡ ನಮ್ಮ ಹಿರಿಯರಿಗೆ ಈ ಆಸೆ ಇದ್ದದ್ದು ತಪ್ಪಲ್ಲ. ಅಂದು ಗಂಜಿ, ಚಟ್ನಿ, ಸಿಕ್ಕಿದರೆ ಬೂತಾಯಿ. ಮೂರು ಮೈಲಿ ನಡೆದು ಶಾಲೆ. ಅಂಥ ಕಾಲದಲ್ಲಿ ಮೈ ತುಂಬಿದ ಮಗು ಎಂದರೆ ಬರಕತ್ತು. ಈಗ ಮನೆ ಬಾಗಿಲಿಗೆ ಸ್ಕೂಲ್ ಬಸ್ಸು ಬರುತ್ತದೆ, ಆದರೆ ಬಡಿಸುವ ಕೈ ಹಳೆಯದೇ.

ಗಲ್ಫಿನಲ್ಲಿರುವ ಉಪ್ಪಂದಿರ ವಿಷಯ ಬೇರೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಅವರಿಗೆ ಮಗುವಿಗೆ ಕೊಡಲಿಕ್ಕೆ ಇರುವುದು ಚಾಕಲೇಟಿನ ಪೆಟ್ಟಿಗೆ ಮತ್ತು ವೀಡಿಯೋ ಕಾಲ್‌ನಲ್ಲಿ "ಕೇಳಿದ್ದು ಕೊಡು" ಎಂಬ ಮಾತು. ಅವರ ಪ್ರೀತಿಯನ್ನು ನಾವು ಹಗುರ ಮಾಡುವುದಿಲ್ಲ. ಮರಳುಗಾಡಿನ ಬಿಸಿಲಿನಲ್ಲಿ ದುಡಿಯುವ ಮನುಷ್ಯನಿಗೆ ಮಗುವಿನ ನಗು ನೋಡುವ ಆಸೆ ಇದ್ದೇ ಇರುತ್ತದೆ. ಆದರೆ ಅದೇ ದುಡ್ಡಿನಿಂದ ಒಂದು ಸೈಕಲ್, ಒಂದು ಫುಟ್‌ಬಾಲ್, ಒಂದು ಹಗ್ಗ ಕೂಡ ಬರುತ್ತದೆ.

ನಮ್ಮ ಮಗುವಿನ ಒಂದು ದಿನ

ನಮ್ಮ ಮದ್ರಸದ ಮಗುವಿನ ದಿನಚರಿ ಒಂದು ಸಲ ಬರೆದು ನೋಡಿದೆವು. ಬೆಳಿಗ್ಗೆ ಆರು ಗಂಟೆಗೆ ಏಳಬೇಕು. ಚಹಾ, ಎರಡು ಬಿಸ್ಕಿಟು. ಮುಕ್ಕಾಲು ಗಂಟೆಯೊಳಗೆ ಮದ್ರಸ. ಎಂಟೂವರೆಗೆ ಬಿಟ್ಟರೆ ಓಡಿ ಹೋಗಿ ಶಾಲೆಯ ಬಸ್ಸು. ಸರಿಯಾಗಿ ತಿಂಡಿ ತಿನ್ನಲಿಕ್ಕೆ ಪುರುಸೊತ್ತಿಲ್ಲ, ಹಾಗಾಗಿ ಬೇಕರಿಯ ಪಫ್ಸೋ ಬನ್ನೋ ಚೀಲದಲ್ಲಿ. ಸಂಜೆ ನಾಲ್ಕೂವರೆಗೆ ಮನೆ, ಗೋಳಿಬಜೆ ಅಥವಾ ನೂಡಲ್ಸ್, ನಂತರ ಟ್ಯೂಷನ್. ಏಳು ಗಂಟೆಗೆ ಹೋಂವರ್ಕ್. ಹತ್ತು ಗಂಟೆಗೆ ಊಟ. ಹಾಸಿಗೆಯಲ್ಲಿ ಮೊಬೈಲ್. ಹನ್ನೊಂದೂವರೆಗೆ ನಿದ್ದೆ.

ಇದರಲ್ಲಿ ಆಟ ಎಲ್ಲಿ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಎಂದರೂ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮಗುವಿಗೆ ಆರು ನಿಮಿಷವೂ ಇಲ್ಲ. ನಿದ್ದೆ ಎಲ್ಲಿ? 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಸಿಗುವುದು ಆರೂವರೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ಅದೂ ಸಿಹಿ ಮತ್ತು ಕರಿದದ್ದರ ಮೇಲೆಯೇ ಮನಸ್ಸು ಹೋಗುತ್ತದೆ.

ಬೆಳಿಗ್ಗೆ ಆರಕ್ಕೆ ಏಳಿಸುವವರಲ್ಲಿ ನಾವೂ ಒಬ್ಬರು. ಹಾಗಾಗಿ ತಪ್ಪನ್ನು ಪೂರ್ತಿ ಪೋಷಕರ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನಮಗೆ ಆಗುವುದಿಲ್ಲ. ಮದ್ರಸ ಬೆಳಿಗ್ಗೆಯೇ ನಡೆಯಬೇಕು, ಸರಿ. ಆದರೆ ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು ಮನೆಯವರ ಕೈಯಲ್ಲಿ ಉಂಟು.

ಹೆಣ್ಣು ಮಕ್ಕಳ ಸ್ಥಿತಿ ಇನ್ನೂ ಕಷ್ಟ. ಗಂಡು ಮಕ್ಕಳಾದರೂ ಆದಿತ್ಯವಾರ ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಾರೆ. ಹತ್ತು ವರ್ಷ ದಾಟಿದ ಹುಡುಗಿಗೆ "ಇನ್ನು ಓಡಬೇಡ, ಕುಣಿಯಬೇಡ" ಎಂಬುದೇ ಪಾಠ. ಆಮೇಲೆ ಹದಿನೈದಕ್ಕೆ ಮುಟ್ಟು ಸರಿಯಾಗುದಿಲ್ಲ, ಪಿಸಿಓಡಿ ಎಂದು ಡಾಕ್ಟರ ಹತ್ತಿರ ಸಾಲು ನಿಲ್ಲುತ್ತೇವೆ. ಪ್ರವಾದಿಯವರು ಪತ್ನಿ ಆಯಿಷಾ ಅವರ ಜತೆ ಓಟದ ಪಂದ್ಯ ಮಾಡಿದ್ದನ್ನು ನಾವೇ ಪಾಠ ಮಾಡುತ್ತೇವೆ. ಹುಡುಗಿಯರಿಗೆ ಮನೆಯ ಅಂಗಳದಲ್ಲಿ, ಟೆರೇಸಿನಲ್ಲಿ ಹಗ್ಗದಾಟ, ಶಟಲ್ ಆಡಲಿಕ್ಕೆ ಯಾವ ಅಡ್ಡಿಯೂ ಇಲ್ಲ.

ಸಕ್ಕರೆಯ ಲೆಕ್ಕ ಚಮಚದಲ್ಲಿ

ತಾಯಂದಿರ ಸಭೆಯಲ್ಲಿ ನಾವು ಒಂದು ಚಿಕ್ಕ ಪ್ರಯೋಗ ಮಾಡಿದೆವು. ಕಾಲು ಲೀಟರಿನ ಕೋಲಾ ಬಾಟಲಿ ತಂದು, ಅದರ ಲೇಬಲ್ ಓದಿಸಿದೆವು. 100 ಮಿಲಿಲೀಟರಿಗೆ ಸುಮಾರು 10-11 ಗ್ರಾಂ ಸಕ್ಕರೆ. ಕಾಲು ಲೀಟರಿಗೆ 26 ಗ್ರಾಂ ಹತ್ತಿರ. ಒಂದು ಸಣ್ಣ ಚಮಚ ಎಂದರೆ ಸುಮಾರು 5 ಗ್ರಾಂ. ಒಂದು ಗ್ಲಾಸಿಗೆ ಒಬ್ಬರು ಉಮ್ಮನೇ ಸಕ್ಕರೆ ಹಾಕಿದರು. ಒಂದು, ಎರಡು, ಮೂರು, ನಾಲ್ಕು, ಐದು. ಐದನೇ ಚಮಚಕ್ಕೆ ಸಭೆಯಲ್ಲಿ "ಯಾ ಅಲ್ಲಾಹ್" ಎಂಬ ಸ್ವರ ಬಂತು.

ಬೆಳಿಗ್ಗೆಯಿಂದ ರಾತ್ರಿವರೆಗಿನ ಆಹಾರದ ಶಕ್ತಿಯಲ್ಲಿ ಹೆಚ್ಚುವರಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲೆಗೆ ಹೋಗುವ ಮಗುವಿಗೆ ಶೇ. 5 ಎಂದರೆ 20ರಿಂದ 25 ಗ್ರಾಂ. ಅಂದರೆ ಆ ಒಂದು ಬಾಟಲಿಯಲ್ಲೇ ದಿನದ ಪಾಲು ಮುಗಿಯಿತು. ಚಹಾ, ಬಿಸ್ಕಿಟು, ಜಾಮ್, ಪ್ಯಾಕೆಟ್ ಜ್ಯೂಸ್ ಎಲ್ಲ ಅದರ ಮೇಲೆ.

ಜ್ಯೂಸ್ ಒಳ್ಳೆಯದಲ್ಲವಾ ಎಂದು ಕೇಳಿದರು. ಹಣ್ಣು ಒಳ್ಳೆಯದು. ಎರಡು ಮೂಸಂಬಿ ಸುಲಿದು ತಿನ್ನುವಾಗ ಹೊಟ್ಟೆ ತುಂಬುತ್ತದೆ, ನಾರು ಸಿಗುತ್ತದೆ. ನಾಲ್ಕು ಮೂಸಂಬಿ ಹಿಂಡಿ ಎರಡು ಚಮಚ ಸಕ್ಕರೆ ಹಾಕಿ ಒಂದು ನಿಮಿಷದಲ್ಲಿ ಕುಡಿದರೆ ಉಳಿಯುವುದು ಸಿಹಿ ಮಾತ್ರ. ಹಾಲಿಗೆ ಹಾಕುವ ಎಷ್ಟೋ ಪುಡಿಗಳ ಡಬ್ಬಿಯ ಹಿಂದೆ ಓದಿ ನೋಡಿ, ಅದರಲ್ಲಿಯೂ ಸಕ್ಕರೆ ಉಂಟು.

ಶಾಲೆಯ ಗೇಟಿನ ಹತ್ತಿರದ ಅಂಗಡಿಯ ವಿಷಯಕ್ಕೆ ಕಾನೂನೂ ಉಂಟು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿಯೇ ನಿಯಮ ಮಾಡಿದೆ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸಕ್ಕರೆಯ ಪ್ರಮಾಣ ತೋರಿಸುವ ಬೋರ್ಡು ಹಾಕಲು ಹೇಳಿದೆ. ನಮ್ಮ ಶಾಲಾ ಕಮಿಟಿಗಳು ಈ ನಿಯಮವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ.

ಇನ್ನು ನಮ್ಮ ಸಂಭ್ರಮಗಳು. ಮದುವೆ ಹಾಲ್‌ನಲ್ಲಿ ಬಾಗಿಲಲ್ಲೇ ಬಣ್ಣದ ಸಿಹಿ ನೀರು, ಒಳಗೆ ಬಿರಿಯಾನಿ, ಕಬಾಬು, ಕೊನೆಗೆ ಐಸ್‌ಕ್ರೀಂ. ಮೊದಲು ವರ್ಷಕ್ಕೆ ನಾಲ್ಕು ಮದುವೆ, ಈಗ ಸೀಸನ್‌ನಲ್ಲಿ ವಾರಕ್ಕೆ ಮೂರು. ರಂಝಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಸಮೋಸ, ಕಟ್ಲೆಟ್, ಕರಿದ ಕೋಳಿ, ಸಿಹಿ ಶರಬತ್ತು. ಹಗಲು ಹಸಿವು ಕಲಿಸಿದ ಸಂಯಮವನ್ನು ಮಗ್ರಿಬಿನ ಬಾಂಗ್ ಆದ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಹದೀಸನ್ನು ಮಕ್ಕಳು ನಮಗೆ ಒಪ್ಪಿಸುತ್ತಾರೆ, ಪೂರ್ತಿ ಮಾರ್ಕು ಕೊಡುತ್ತೇವೆ. ತಟ್ಟೆಯ ಎದುರು ನಾವೆಲ್ಲ ಫೇಲು.

ಅಡ್ಡ ಹೆಸರಿನ ಪೆಟ್ಟು

ತೂಕದಿಂದ ಮೈಗೆ ಆಗುವ ತೊಂದರೆ ನಿಧಾನಕ್ಕೆ ಬರುತ್ತದೆ. ಮನಸ್ಸಿಗೆ ಆಗುವುದು ಅಂದೇ. ನಮ್ಮ ಹುಡುಗನನ್ನು ಕರೆಯುತ್ತಿದ್ದದ್ದು "ಡ್ರಮ್ಮು" ಎಂದು. ಮನೆಯಲ್ಲಿ ಸೋದರಮಾವ ಇಟ್ಟ ಹೆಸರು, ಬೀದಿಗೆ ಬಂತು, ಬೀದಿಯಿಂದ ಮದ್ರಸಕ್ಕೆ. ಸಾಲಿನಲ್ಲಿ ನಿಲ್ಲಿಸುವಾಗ ನಮ್ಮಲ್ಲಿ ಒಬ್ಬರು ಕೂಡ ತಮಾಷೆಗೆ ಆ ಹೆಸರು ಕರೆದದ್ದು ಉಂಟು. ಅವನು ಆಟಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಓಡಿದರೆ ನಗುತ್ತಾರೆ. ಆಡದಿದ್ದರೆ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ಇನ್ನೂ ನಗುತ್ತಾರೆ. ಬೇಸರಕ್ಕೆ ಮೂಲೆಯಲ್ಲಿ ಕೂತು ತಿನ್ನುತ್ತಾನೆ. ಈ ಸುತ್ತಿನಿಂದ ಹನ್ನೊಂದು ವರ್ಷದ ಮಗು ಒಬ್ಬನೇ ಹೊರಗೆ ಬರುವುದು ಹೇಗೆ?

ಒಬ್ಬರನ್ನೊಬ್ಬರು ಗೇಲಿ ಮಾಡಬಾರದು, ಕೆಟ್ಟ ಹೆಸರಿನಿಂದ ಕರೆಯಬಾರದು ಎಂದು ಸೂರಃ ಹುಜುರಾತ್ ಸ್ಪಷ್ಟವಾಗಿ ತಡೆಯುತ್ತದೆ. ಇಬ್ನು ಮಸ್ಊದ್ ಅವರ ಕಾಲು ತೀರಾ ಸಣ್ಣದೆಂದು ಸಹಚರರು ನಕ್ಕಾಗ, ಆ ಕಾಲು ಪರಲೋಕದ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರ ಎಂದು ಪ್ರವಾದಿಯವರು ಅವರ ಬಾಯಿ ಮುಚ್ಚಿಸಿದರು. ತೆಳ್ಳಗಿದ್ದವರ ಬಗ್ಗೆ ನಕ್ಕರೂ ಅದೇ ಪಾಪ, ದಪ್ಪಗಿದ್ದವರ ಬಗ್ಗೆ ನಕ್ಕರೂ ಅದೇ. ಇಷ್ಟು ಗೊತ್ತಿದ್ದ ನಾವೇ ಅದನ್ನು ಮಾಡಿದೆವು ಎಂಬುದೇ ನಮಗೆ ದೊಡ್ಡ ನಾಚಿಕೆ.

ಯಾವಾಗ ಡಾಕ್ಟರ ಹತ್ತಿರ?

ಕಣ್ಣಿನ ಅಂದಾಜು ಸಾಕಾಗುದಿಲ್ಲ. ತೂಕವನ್ನು ಎತ್ತರದ ಜತೆ ಸೇರಿಸಿ ನೋಡುವ ಬಿಎಂಐ ಲೆಕ್ಕ ಉಂಟು. ದೊಡ್ಡವರಿಗೆ ಒಂದೇ ಗೆರೆ, ಮಕ್ಕಳಿಗೆ ಹಾಗಲ್ಲ. ವಯಸ್ಸಿಗೆ ಒಂದು, ಹುಡುಗನಿಗೆ ಒಂದು, ಹುಡುಗಿಗೆ ಒಂದು ಚಾರ್ಟು. ಮಕ್ಕಳ ಡಾಕ್ಟರರ ಹತ್ತಿರ ಅದು ಇರುತ್ತದೆ. ಆರು ವರ್ಷದವರೆಗೆ ಅಂಗನವಾಡಿಯಲ್ಲಿ ತೂಕ ನೋಡುತ್ತಾರೆ. ಸರಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಆ ದಿನ ಮಗುವನ್ನು ತಪ್ಪಿಸಬೇಡಿ.

ಈ ಗುರುತುಗಳು ಕಂಡರೆ ತಡ ಮಾಡಬಾರದು: ಕುತ್ತಿಗೆ, ಕಂಕುಳು ಕಪ್ಪಾಗಿ ಚರ್ಮ ಮಖಮಲ್ಲಿನಂತೆ ದಪ್ಪವಾಗುವುದು. ನಿದ್ದೆಯಲ್ಲಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲಿಡೀ ತೂಕಡಿಕೆ. ಮೊಣಕಾಲು, ಸೊಂಟದ ನೋವು, ಕುಂಟುವುದು. ಪದೇ ಪದೇ ಬಾಯಾರಿಕೆ, ಮೂತ್ರ. ದಪ್ಪ ಆಗುತ್ತಾ ಎತ್ತರ ಮಾತ್ರ ನಿಂತುಹೋದರೆ ಥೈರಾಯ್ಡಿನಂಥ ಬೇರೆ ಕಾರಣ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಬೇಕು. ಮೈಕಟ್ಟಿನಲ್ಲಿ ವಂಶದ ಪಾಲೂ ಉಂಟು, ಆದ್ದರಿಂದ ಎಲ್ಲದಕ್ಕೂ ಉಮ್ಮನನ್ನೇ ಬೈಯುವುದು ನ್ಯಾಯ ಅಲ್ಲ.

ಒಂದು ಎಚ್ಚರಿಕೆ. ಬೆಳೆಯುವ ಮಗುವನ್ನು ಉಪವಾಸ ಹಾಕಬೇಡಿ. ತೂಕ ಇಳಿಸುವ ಪುಡಿ, ಕಷಾಯ, ದೊಡ್ಡವರ ಡಯಟ್ ಯಾವುದೂ ಬೇಡ. ಹೆಚ್ಚಿನ ಮಕ್ಕಳಿಗೆ ತೂಕ ಇಳಿಯಬೇಕೆಂದೇನೂ ಇಲ್ಲ, ಏರುವುದು ನಿಂತರೆ ಸಾಕು. ಎತ್ತರ ಬೆಳೆದ ಹಾಗೆ ಮೈ ತಾನಾಗಿ ಸರಿಯಾಗುತ್ತದೆ. ತೂಕ ತೀರಾ ಹೆಚ್ಚಿದ್ದರೆ ಏನು ಮಾಡಬೇಕೆಂದು ಡಾಕ್ಟರರೇ ಹೇಳಬೇಕು.

ನಾವು ಮಾಡಿದ್ದು

ಮೊದಲು ನಮ್ಮ ಮೇಜಿನ ಡ್ರಾವರ್ ಖಾಲಿ ಮಾಡಿದೆವು. ಸೂರಃ ಬಾಯಿಪಾಠ ಒಪ್ಪಿಸಿದವರಿಗೆ ಕೊಡುವ ಚಾಕಲೇಟು ಅದರಲ್ಲಿ ಇರುತ್ತಿತ್ತು. ಈಗ ಪೆನ್ನು, ಪೆನ್ಸಿಲು. ಮೀಲಾದ್ ದಿನ ಹಂಚುವ ಮಿಠಾಯಿ ಪೊಟ್ಟಣದ ಬದಲು ಹುರಿದ ನೆಲಗಡಲೆ ಮತ್ತು ಒಂದೊಂದು ಬಾಳೆಹಣ್ಣು ಕೊಟ್ಟೆವು. ಕೆಲವರು ಗೊಣಗಿದರು. ಮಕ್ಕಳು ತಿಂದರು.

ಅಡ್ಡ ಹೆಸರು ಕರೆದರೆ, ಕರೆದದ್ದು ಮಗುವಾಗಲಿ ಉಸ್ತಾದರಾಗಲಿ, ಎಲ್ಲರ ಎದುರು ಕ್ಷಮೆ ಕೇಳಬೇಕು ಎಂದು ನಿಯಮ ಮಾಡಿದೆವು. ಮೊದಲ ತಿಂಗಳಲ್ಲಿ ನಮ್ಮವರೇ ಒಬ್ಬರು ಎರಡು ಸಲ ಕೇಳಿದರು.

ವಾರದ ರಜೆಯ ದಿನ ಅಸರ್ ನಮಾಝಿನ ನಂತರ ಮಸೀದಿಯ ಹಿಂದಿನ ಜಾಗದಲ್ಲಿ ಒಂದು ಗಂಟೆ ಆಟ ಇಟ್ಟೆವು. ಕಮಿಟಿಯಲ್ಲಿ ಒಬ್ಬರು ಹಿರಿಯರು, "ಮದ್ರಸ ಎಂದರೆ ಸ್ಪೋರ್ಟ್ಸ್ ಕ್ಲಬ್ಬಾ?" ಎಂದು ಕೇಳಿದರು. ಅವರ ಮೊಮ್ಮಗನೇ ಈಗ ಮೊದಲು ಬಂದು ನಿಲ್ಲುತ್ತಾನೆ, ಹಾಗಾಗಿ ಅವರೂ ಸುಮ್ಮನಾದರು. ಹೆಣ್ಣು ಮಕ್ಕಳಿಗೆ ಬೇರೆ ಸಮಯ ಇಡಬೇಕೆಂಬುದು ಇನ್ನೂ ಮಾತಿನಲ್ಲಿಯೇ ಉಂಟು. ಅದು ಆಗದೆ ಕೆಲಸ ಅರ್ಧ.

ತಾಯಂದಿರಿಗೆ ನಾವು ಹೇಳಿದ್ದು ಹೊಸ ಅಡುಗೆ ಏನಲ್ಲ. ಕುಚ್ಚಲಕ್ಕಿ ಗಂಜಿ, ಪುಂಡಿ, ಪತ್ತಿರ್ ಬಿಡಬೇಕೆಂದಿಲ್ಲ, ಎಣ್ಣೆ ಮತ್ತು ಅಳತೆ ನೋಡಿಕೊಂಡರೆ ಸಾಕು. ಬಂಗುಡೆ ಕರಿಯುವ ಬದಲು ಸಾರು ಮಾಡಿ. ವಾರಕ್ಕೆ ಮೂರು ದಿನವಾದರೂ ಹರಿವೆ, ಬಸಳೆ, ನುಗ್ಗೆ ಸೊಪ್ಪು. ಮದ್ರಸಕ್ಕೆ ಬರುವ ಮೊದಲು ಒಂದು ಮೊಟ್ಟೆ ಅಥವಾ ಒಂದು ದೋಸೆ, ಬಿಸ್ಕಿಟು ಬೇಡ. ಬಾಟಲಿಯಲ್ಲಿ ನೀರು. ರಾತ್ರಿ ಊಟ ಎಂಟೂವರೆಗೆ, ಎಲ್ಲರೂ ಒಟ್ಟಿಗೆ, ಮೊಬೈಲ್ ಇಲ್ಲದೆ. ಮನೆಯಲ್ಲಿ ಒಬ್ಬ ಮಗುವಿಗೆ ಮಾತ್ರ ಬೇರೆ ಊಟ ಮಾಡಬೇಡಿ. ಎಲ್ಲರೂ ಶವರ್ಮ ತಿನ್ನುವಾಗ ಅವನೊಬ್ಬನಿಗೆ ಸೌತೆಕಾಯಿ ಕೊಟ್ಟರೆ ಅದು ಶಿಕ್ಷೆ ಆಗುತ್ತದೆ. ಉಪ್ಪನ ಹೊಟ್ಟೆಯೂ ಮುಂದೆ ಬಂದಿರುತ್ತದೆ, ಅವರೂ ಸೇರಲಿ.

ಆ ಹುಡುಗನ ವಿಷಯ. ಎಂಟು ತಿಂಗಳಾಯ್ತು. ತೂಕ 57 ಕಿಲೋ. ಒಂದೇ ಕಿಲೋ ಎಂದು ಉಮ್ಮನಿಗೆ ಬೇಸರ. ಆದರೆ ಎತ್ತರ 4 ಸೆಂಟಿಮೀಟರ್ ಬೆಳೆದಿದೆ, ರಕ್ತದ ಸಕ್ಕರೆ ಗಡಿಯಿಂದ ಕೆಳಗೆ ಬಂದಿದೆ, ಡಾಕ್ಟರರು ಖುಷಿಯಲ್ಲಿದ್ದಾರಂತೆ. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿಲ್ಲ, ಸ್ವಲ್ಪ ತಿಳಿಯಾಗಿದೆ. ಆಟದಲ್ಲಿ ಮೊದಲು ಗೋಲಿ ನಿಲ್ಲುತ್ತಿದ್ದ. ಈಗ ಓಡುತ್ತಾನೆ, ಬೇಗ ಸುಸ್ತಾಗುತ್ತಾನೆ, ಕೂರುತ್ತಾನೆ, ಪುನಃ ಓಡುತ್ತಾನೆ. ಮದ್ರಸಕ್ಕೆ ದಿನಾ ಬರುತ್ತಾನೆ. ಅವನ ಹೆಸರು ಹಿಡಿದೇ ಎಲ್ಲರೂ ಕರೆಯುತ್ತಾರೆ.

ಇದನ್ನು ಓದುವ ಉಮ್ಮಂದಿರಲ್ಲಿ, ಉಪ್ಪಂದಿರಲ್ಲಿ ನಮ್ಮದೊಂದು ಕೇಳಿಕೆ. ನಾಳೆ ಬೆಳಿಗ್ಗೆ ಮಗುವನ್ನು ಸ್ನಾನ ಮಾಡಿಸುವಾಗ ಕುತ್ತಿಗೆಯ ಹಿಂದೆ ಒಮ್ಮೆ ನೋಡಿ. ಕಪ್ಪು ಕಂಡರೆ ಉಜ್ಜಬೇಡಿ, ಬೈಯಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾವು ಎರಡು ತಿಂಗಳು ತಡ ಮಾಡಿದೆವು, ನೀವು ಮಾಡಬೇಡಿ.